ಮಕ್ಕಳ ಪಾಲಿನ ಚೋಲೆಂಟ್

ಅಡುಗೆಯ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಕೆಲವರು ಹುಬ್ಬೇರಿಸಬಹುದು. ಜರ್ಮನ್ ಕವಿ ಹೈನೆಗೆ ಈ ಸಂಕೋಚವಿರಲಿಲ್ಲ. ಯೆಹೂದ್ಯರ ಸಬ್ಬತ್ ದಿನವನ್ನು ರಾಜಕುಮಾರಿಯಾಗಿ ಕಂಡ ಕವನದಲ್ಲಿ, 1851ರ ಸಂಕಲನದಲ್ಲಿ ಬಂದದ್ದು, ಅವನು ಆ ದಿನದ ಭೋಜನವನ್ನು ಷಿಲರನ ಆನಂದಗೀತೆಯ ಧಾಟಿಯನ್ನೇ ಅಣಕಿಸಿ ಹೊಗಳಿದ್ದಾನೆ. 1825ರಲ್ಲಿಯೇ ಕ್ರೈಸ್ತದೀಕ್ಷೆ ಪಡೆದಿದ್ದವನ ನಾಲಗೆಯಲ್ಲಿಯೂ ಆ ರುಚಿ ಅಳಿಯದೆ ಉಳಿದಿತ್ತೆಂದು ತೋರುತ್ತದೆ.

ಪೂರ್ವ ಯೂರೋಪಿನ ಯೆಹೂದ್ಯರು ಈ ಅಡುಗೆಯನ್ನು ಚೋಲೆಂಟ್ ಎನ್ನುತ್ತಾರೆ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಒಲೆ ಹೊತ್ತಿಸುವಂತಿಲ್ಲ, ಬೇಯಿಸುವಂತಿಲ್ಲ. ಆದರೂ ಹಬ್ಬದ ಮಧ್ಯಾಹ್ನ ಬಿಸಿಯೂಟ ಬೇಕು. ಆದ್ದರಿಂದ ಒಣ ಬೀನ್ಸ್ ಕಾಳು, ಬಾರ್ಲಿ, ಈರುಳ್ಳಿ, ಆಲೂಗೆಡ್ಡೆ, ಗೋಮಾಂಸ ಇವನ್ನು ನೀರೆರೆದು ಹೊತ್ತು ಮುಳುಗುವ ಮೊದಲೇ ಒಲೆಯ ಮೇಲಿಟ್ಟು, ರಾತ್ರಿಯೆಲ್ಲ ಮಂದವಾದ ಉರಿಗೆ ಒಪ್ಪಿಸಿಬಿಡುತ್ತಾರೆ. ಹಿಂದೆ ಪೋಲೆಂಡ್, ಲಿಥುವೇನಿಯಗಳ ಊರುಗಳಲ್ಲಿ ಮನೆಮನೆಯ ಪಾತ್ರೆಗಳೂ ಬೇಕರಿಯ ದೊಡ್ಡ ಒಲೆಗೆ ಹೋಗುತ್ತಿದ್ದವು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವನ್ನು ಮನೆಗೆ ತರುವ ಕೆಲಸ ಎಷ್ಟೋ ಸಲ ಮಕ್ಕಳದೇ.

ಇಂಥ ಭಾರವಾದ ಊಟ ಎಳೆಯರಿಗೆ ತಕ್ಕುದಲ್ಲ, ಅವರಿಗೆ ಬೇರೆಯೇ ಏನಾದರೂ ಮಾಡಿಕೊಡಬೇಕು ಎನ್ನುವವರುಂಟು. ನಾನು ಇದನ್ನು ಒಪ್ಪಲಾರೆ. (ನಾನೇನೂ ಚೋಲೆಂಟ್ ಉಂಡವನಲ್ಲ, ಆದರೆ ಮಕ್ಕಳಿರುವ ಅಡುಗೆಮನೆಯನ್ನು ಬಲ್ಲೆ.) ಇಡೀ ರಾತ್ರಿ ಬೆಂದ ಕಾಳಿಗಿಂತ, ನಾರುನಾರಾಗಿ ಬಿಡುವ ಮಾಂಸಕ್ಕಿಂತ ಮೆತ್ತಗಿನದು ಇನ್ನೇನಿದೆ? ಮನೆಯವರೆಲ್ಲ ಒಂದು ಪಾತ್ರೆಯಿಂದ ಉಣ್ಣುವಾಗ ಮಗುವಿನ ಮುಂದೆ ಮಾತ್ರ ಬೇರೆ ಬಟ್ಟಲನ್ನಿಟ್ಟರೆ, ಆ ದಿನದಿಂದ ಮಗುವನ್ನೇ ಹೊರಗಿಟ್ಟಂತಾಯಿತು.

ಆದರೆ ಒಂದು ಮಾತು. ಸಬ್ಬತ್ ಹಿಡಿದ ಮೇಲೆ ಒಲೆಯ ಮೇಲಿನ ಪಾತ್ರೆಯನ್ನು ಕೈಯಾಡಿಸುವುದಕ್ಕೂ ನಿಷೇಧವಿದೆ. ಆದ ತಪ್ಪನ್ನು ತಿದ್ದುವಂತಿಲ್ಲ. ಮಗುವನ್ನು ನೆನೆಯಬೇಕಾದದ್ದು ಶುಕ್ರವಾರವೇ. ಖಾರ ಬೇಕಾದ ಹಿರಿಯರು ತಮ್ಮ ತಟ್ಟೆಯಲ್ಲಿ ಮೆಣಸಿನ ಪುಡಿ ಉದುರಿಸಿಕೊಳ್ಳಲಿ. ಚೂರಾಗುವಂಥ ಮೂಳೆಯನ್ನು ಮೊದಲೇ ತೆಗೆದುಬಿಡುವುದು ಮೇಲು. ರಾಜ್ಮಾ ಹಾಕುವವರಂತೂ ತುಂಬ ಎಚ್ಚರದಿಂದಿರಬೇಕು. ಸರಿಯಾಗಿ ಕುದಿಯದ ರಾಜ್ಮಾದಲ್ಲಿ ವಾಂತಿಭೇದಿ ತರುವ ವಿಷಾಂಶವಿದೆ. ಇಂದಿನ ವಿದ್ಯುತ್ ಪಾತ್ರೆಗಳ ಮಂದ ಶಾಖ ಎಷ್ಟು ಹೊತ್ತಾದರೂ ಅದನ್ನು ಕೊಲ್ಲದೆ ಹೋಗಬಹುದು. ಗುರುವಾರ ರಾತ್ರಿಯೇ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಿದ ಮೇಲೆಯೇ ಕಾಳು ಪಾತ್ರೆಗೆ ಇಳಿಯಬೇಕು. ಸೋಮಾರಿತನಕ್ಕೆ ಇಲ್ಲಿ ಎಡೆಯಿಲ್ಲ.

ಸ್ಪೇನಿನಿಂದ ಚದುರಿದ ಯೆಹೂದ್ಯರು ತಮ್ಮ ಹಮೀನ್ ಪಾತ್ರೆಯಲ್ಲಿ ಮೊಟ್ಟೆಗಳನ್ನು ಚಿಪ್ಪಿನೊಡನೆಯೇ ಹುದುಗಿಸಿಡುತ್ತಾರೆ. ಬೆಳಗಾಗುವುದರೊಳಗೆ ಬಿಳಿಯ ಭಾಗ ಕಂದುಬಣ್ಣಕ್ಕೆ ತಿರುಗಿರುತ್ತದೆ. ಚೋಲೆಂಟಿನಲ್ಲಿಯೂ ಹೀಗೆ ಇಡುವವರಿದ್ದಾರೆ. ಅವನ್ನು ಮಕ್ಕಳ ತಲೆ ಎಣಿಸಿ ಇಡಬೇಕು. ಸುಲಿಯುವ ಕೆಲಸವನ್ನೂ ಅವರಿಗೇ ಬಿಡಬೇಕು.