ಶಾಸನ ಕನ್ನಡದ್ದು, ಪರೀಕ್ಷೆ ಹಿಂದಿ–ಇಂಗ್ಲಿಷಿನದು

ಸವದತ್ತಿಯ ರಟ್ಟರ ಶಾಸನಗಳ ಮೇಲೆ ಪಿಎಚ್‌.ಡಿ ಮಾಡುವವರಿಗೆ ಹಳಗನ್ನಡ ಬರಬೇಕು. ಯಲ್ಲಮ್ಮನ ಗುಡ್ಡದ ಜೋಗತಿಯರನ್ನು, ನವಿಲುತೀರ್ಥದ ಅಣೆಕಟ್ಟಿಗೆ ಮನೆಮಾರು ಕಳೆದುಕೊಂಡ ಹಿರಿಯರನ್ನು, ರಾಮದುರ್ಗದ ನೇಕಾರರನ್ನು ಮಾತಾಡಿಸುವವರಿಗೆ ಆ ಸೀಮೆಯ ಮಾತು ಗೊತ್ತಿರಬೇಕು. ಆದರೆ ಇವರು ಸಂಶೋಧನೆಗೆ ಲಾಯಕ್ಕೋ ಅಲ್ಲವೋ ಎಂದು ತೂಗುವ ನೆಟ್ ಪರೀಕ್ಷೆ ನಡೆಯುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ.

ವಿಶ್ವವಿದ್ಯಾಲಯಗಳು ತಮ್ಮ ಪ್ರವೇಶ ಪರೀಕ್ಷೆ ಬಿಟ್ಟು ನೆಟ್ ಅಂಕದ ಮೇಲೆಯೇ ಪಿಎಚ್‌.ಡಿ ಪ್ರವೇಶ ಕೊಡಬಹುದು ಎಂದು ಯುಜಿಸಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಗದವರಿಗೆ ಶೇ 70ರಷ್ಟು ನೆಟ್ ಅಂಕ, ಶೇ 30ರಷ್ಟು ಸಂದರ್ಶನ. ಆ ಅಂಕಕ್ಕೂ ಒಂದೇ ವರ್ಷದ ಆಯುಷ್ಯ. ವಿಶ್ವವಿದ್ಯಾಲಯಗಳಿಗೆ ಈ ಪದ್ಧತಿ ಕಡ್ಡಾಯವೇನಲ್ಲ. ಹಾಗಾಗಿಯೇ ಈ ಮಾತನ್ನು ದಿಲ್ಲಿಗಿಂತ ಹೆಚ್ಚಾಗಿ ಬೆಳಗಾವಿಗೆ, ಧಾರವಾಡಕ್ಕೆ, ಬೆಂಗಳೂರಿಗೆ ಹೇಳಬೇಕಾಗಿದೆ.

ಕನ್ನಡ ಎಂ.ಎ ಮಾಡಿದವರಿಗೂ ಬಿಡುಗಡೆಯಿಲ್ಲ. ಅವರ ಎರಡನೆಯ ಪತ್ರಿಕೆ ಕನ್ನಡದಲ್ಲಿದ್ದರೂ ಮೊದಲನೆಯ ಪತ್ರಿಕೆಯ 50 ಪ್ರಶ್ನೆಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಓದಬೇಕು. ಇತಿಹಾಸ, ಸಮಾಜಶಾಸ್ತ್ರದವರಿಗೆ 150ಕ್ಕೆ 150 ಪ್ರಶ್ನೆಗಳದ್ದೂ ಅದೇ ಪಾಡು. ಪರೀಕ್ಷೆ ನಡೆಸುವ ಎನ್‌ಟಿಎಗೆ ಕನ್ನಡದ ಅಕ್ಷರ ಗೊತ್ತಿಲ್ಲವೇ? ವೈದ್ಯಕೀಯ ಸೀಟಿನ ನೀಟ್ ಪ್ರಶ್ನೆಪತ್ರಿಕೆಯನ್ನು ಇದೇ ಸಂಸ್ಥೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಕೊಡುತ್ತದೆ. ಡಾಕ್ಟರಾಗಲು ಕನ್ನಡ ನಡೆಯುತ್ತದೆ, ಡಾಕ್ಟರೇಟಿಗೆ ನಡೆಯುವುದಿಲ್ಲ.

ನೆಟ್ ಅರ್ಜಿ ತುಂಬುವುದನ್ನೇ ನೋಡಿ. ಬೈಲಹೊಂಗಲದ ಆನ್‌ಲೈನ್ ಸೆಂಟರಿನಲ್ಲಿ ಪಾಳಿ ಹಚ್ಚಿ ಕೂತವರಿಗೆ ಮೊದಲು ಕೇಳಿಸುವುದು 'ಫೋಟೊದ ಕೆಬಿ ಜಾಸ್ತಿ ಆಗೇತ್ರಿ'. ಅದಾದ ಮೇಲೆ ಪ್ರಮಾಣಪತ್ರದ ಸರದಿ. ಕೈಯಲ್ಲಿರುವ ರಾಜ್ಯದ ಜಾತಿ ಪ್ರಮಾಣಪತ್ರ ಒಬಿಸಿಯವರಿಗೆ ಇಲ್ಲಿ ಸಾಲದು, ಕೇಂದ್ರದ ನಮೂನೆಯದೇ ಬೇಕು. ಮತ್ತೆ ತಹಶೀಲ್ದಾರ್ ಕಚೇರಿ. ಸಂಶೋಧನೆಯ ವಿಷಯವೇನು ಎಂದು ಇಷ್ಟರಲ್ಲಿ ಯಾರೂ ಕೇಳಿರುವುದಿಲ್ಲ.

ನೆಟ್ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕಲಾರೆ. ಹತ್ತು ವಿಶ್ವವಿದ್ಯಾಲಯಗಳಿಗೆ ಹತ್ತು ಸಲ ಶುಲ್ಕ ಕಟ್ಟಿ, ಹತ್ತು ಊರು ತಿರುಗುವುದು ಬಡವರಿಗೆ ಭಾರ. ಸ್ಥಳೀಯ ಪರೀಕ್ಷೆಯಲ್ಲಿ ಗೈಡ್ ಬೇಕಾದವರನ್ನೇ ತುಂಬಿಕೊಳ್ಳುತ್ತಾರೆ ಎಂಬ ದೂರೂ ಹಳೆಯದು. ಆದರೆ ಸಂದರ್ಶನದ ಶೇ 30 ಹಾಗೇ ಉಳಿದಿದೆಯಲ್ಲ, ವಶೀಲಿ ಹೋಗಿಬಿಟ್ಟಿತೇ? ಇನ್ನು ಏಕಪರೀಕ್ಷೆಯ ಶಿಸ್ತಿನ ಮಾತು: ಈ ಹೊಸ ಪದ್ಧತಿಯ ಮೊದಲ ನೆಟ್ 2024ರ ಜೂನ್ 18ಕ್ಕೆ ನಡೆದು ಮರುದಿನವೇ ರದ್ದಾಯಿತು. ಮರುಪರೀಕ್ಷೆ ಮುಗಿಯುವಾಗ ಸೆಪ್ಟೆಂಬರ್ ಬಂದಿತ್ತು.

ದಾರಿ ಮನೆಯಲ್ಲೇ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಕೆಸೆಟ್ ನಡೆಸುತ್ತದೆ. ಅದರಲ್ಲಿ ಮೊದಲ ಪತ್ರಿಕೆಯೂ ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳೂ ಕನ್ನಡದಲ್ಲಿ ಸಿಗುತ್ತವೆ. ಅದೇ ಪ್ರಾಧಿಕಾರ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಪಿಎಚ್‌.ಡಿ ಪ್ರವೇಶ ಪರೀಕ್ಷೆಯನ್ನು ಕನ್ನಡ, ಇಂಗ್ಲಿಷ್ ಎರಡೂ ಭಾಷೆಯಲ್ಲಿ ನಡೆಸಲಿ. ಶುಲ್ಕವೂ ಒಂದೇ, ಓಡಾಟವೂ ಒಂದೇ. ಯುಜಿಸಿಯ 2022ರ ನಿಯಮಗಳಲ್ಲಿ ಪ್ರವೇಶ ಪರೀಕ್ಷೆಗೆ ಅವಕಾಶ ಇದ್ದೇ ಇದೆ: ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯಜ್ಞಾನ. ಅದನ್ನು ಬಳಸಲು ದಿಲ್ಲಿಯ ಅಪ್ಪಣೆ ಬೇಕಿಲ್ಲ.

'ಇಂಗ್ಲಿಷ್ ಬಾರದವರು ಎಂಥ ಸಂಶೋಧನೆ ಮಾಡಿಯಾರು' ಎನ್ನುವವರಿದ್ದಾರೆ. ಇದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ ಸಾಲಿ ಮಾಸ್ತರರಾಗಿದ್ದವರು. ಕನ್ನಡದಲ್ಲೇ ಬರೆದ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ಗ್ರಂಥ ಓದುವುದು ಸಂಶೋಧಕನಿಗೆ ಬೇಕೇ ಬೇಕು, ಅದನ್ನು ಮೊದಲ ವರ್ಷದ ಕೋರ್ಸ್‌ವರ್ಕ್‌ನಲ್ಲಿ ಕಲಿಸಿ. ಬಾಗಿಲಲ್ಲೇ ತಡೆಯಬೇಡಿ.

ಪರೀಕ್ಷೆ ಸರಿಹೋದರೂ ಗೈಡ್‌ಗಳ ಕೊರತೆ ಉಳಿಯುತ್ತದೆ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ನಿವೃತ್ತರ ಜಾಗ ತುಂಬದಿದ್ದರೆ ಸೀಟೂ ಅಷ್ಟಕ್ಕಷ್ಟೇ. ಅದು ಸರ್ಕಾರದ ಖಜಾನೆಯ ಪ್ರಶ್ನೆ, ಬೇರೆಯೇ ಜಗಳ. ಭಾಷೆಯ ಪ್ರಶ್ನೆಗೆ ಖಜಾನೆಯ ನೆಪವೂ ಇಲ್ಲ. ಕಿತ್ತೂರು ರಾಣಿಯ ಹೆಸರಿನಲ್ಲಿ 2010ರಲ್ಲಿ ಆರಂಭವಾದ ವಿಶ್ವವಿದ್ಯಾಲಯ, ಕನ್ನಡ ಸಂಶೋಧನೆಗೆಂದೇ 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇವೆರಡು ಜಂಟಿಯಾಗಿ ಈ ಪರೀಕ್ಷೆ ಕೇಳಿ ಸರ್ಕಾರಕ್ಕೆ ಪತ್ರ ಬರೆಯಲಿ. ಮುಂದಿನ ಪಿಎಚ್‌.ಡಿ ಅಧಿಸೂಚನೆ ಹೊರಡುವ ಮುಂಚೆ.