ಕ್ರಾಫ್ಟ್ ಅಂಗಡಿಯಿಂದ ಒಂದು ಹುಸಿಹುಳು

ಪರದೇಶದಲ್ಲಿ ಮಕ್ಕಳ ಕನ್ನಡ ಸೊರಗುವುದಕ್ಕೆ ಮನೆಯಲ್ಲಿ ನಾವಾಡುವ ಕನ್ನಡವೂ ಒಂದು ಕಾರಣ. ದಿನವಿಡೀ ಮಕ್ಕಳ ಜೊತೆ ಏನು ಮಾತಾಡುತ್ತೇವೆ ಎಂದು ಒಮ್ಮೆ ಗಮನಿಸಿ ನೋಡಿ: ಏಳು, ಹಲ್ಲುಜ್ಜು, ಬೇಗ ತಿನ್ನು, ಶೂ ಹಾಕ್ಕೋ, ಐಪ್ಯಾಡ್ ಇಡು, ಮಲಗು. ಎಲ್ಲವೂ ಅಪ್ಪಣೆಗಳೇ. ಇವಕ್ಕೆ ಮಗು 'ಹ್ಞೂ' ಅಥವಾ 'ಆಮೇಲೆ' ಎಂದರೆ ಸಾಕು. ವಿವರಿಸುವ, ಹೋಲಿಸುವ, ವಾದಿಸುವ ಮಾತೆಲ್ಲ ಶಾಲೆಯ ಭಾಷೆಗೆ ಹೋಗಿಬಿಡುತ್ತದೆ. ಅದಕ್ಕೇ ಮಾತಾಡದೆ ಮುಗಿಯದಂಥ ಕೈಕೆಲಸಗಳನ್ನು ನಾನು ಹುಡುಕುತ್ತಿರುತ್ತೇನೆ. ಈ ತಿಂಗಳಿನದು ಸ್ವಲ್ಪ ವಿಚಿತ್ರ: ಮೀನಿನ ಗಾಳಕ್ಕೆ ಹುಳು ಕಟ್ಟುವುದು.

ಎರೆಹುಳು ಚುಚ್ಚಿದ ಗಾಳ ನಮಗೆಲ್ಲ ಗೊತ್ತು. ಫ್ಲೈ ಫಿಷಿಂಗ್‌ನಲ್ಲಿ ನಿಜವಾದ ಹುಳು ಇರುವುದಿಲ್ಲ. ಕೊಕ್ಕೆಗೆ ಗರಿ, ಉಣ್ಣೆ, ನೂಲು ಸುತ್ತಿ, ಹೊಳೆಯ ಹುಳುವಿನಂತೆ ಕಾಣುವ ಒಂದು ಗೊಂಬೆ ಮಾಡುತ್ತಾರೆ. ಅದೇ ಫ್ಲೈ. ನಾವಿರುವ ಪೆನ್ಸಿಲ್ವೇನಿಯಾದಲ್ಲಿ ಇದು ಬಹಳ ಜನರ ಹವ್ಯಾಸ. ಒಂಬತ್ತು ವರ್ಷದ ನನ್ನ ಮಗಳು ಶಾಲೆಯ ಸಂಜೆ ಕ್ಲಬ್ಬಿನಲ್ಲಿ ಇದನ್ನು ಕಲಿತು ಬಂದಳು. ನಮ್ಮ ಮನೆಯಲ್ಲಿ ಇದರ ಹೆಸರು 'ಹುಸಿಹುಳು'.

ದುಬಾರಿ ಗರಿ, ಅಗ್ಗದ ಉಣ್ಣೆ

ಈ ಹವ್ಯಾಸಕ್ಕೆ ದುಬಾರಿ ಎಂಬ ಹೆಸರಿದೆ. ಅದಕ್ಕೆ ಕಾರಣವೂ ಇದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿನ ಫ್ಲೈಗಳಿಗೆ ದೂರದೇಶಗಳ ಅಪರೂಪದ ಹಕ್ಕಿಗಳ ಗರಿ ಬಳಸುತ್ತಿದ್ದರು. ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯ ಕತ್ತಿನ ಗರಿ, ತುದಿಯಲ್ಲಿ ಮೇಣದ ಹನಿಯಂತೆ ಹೊಳೆಯುವುದು, ಅವರಿಗೆ ಬಹಳ ಪ್ರಿಯವಾಗಿತ್ತು. ಈ ಹುಚ್ಚು ಇನ್ನೂ ಪೂರ್ತಿ ಇಳಿದಿಲ್ಲ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ 299 ಹಕ್ಕಿಗಳ ಚರ್ಮ ಕಳುವಾಯಿತು. ಕದ್ದವನು ಹಳೆಯ ಮಾದರಿಯ ಫ್ಲೈ ಕಟ್ಟುವ ಒಬ್ಬ ಸಂಗೀತ ವಿದ್ಯಾರ್ಥಿ.

ಆದರೆ ಮೀನಿಗೆ ಬೆಲೆ ಗೊತ್ತಿಲ್ಲ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಕಾಲುಚೀಲ ಹೊಲಿಯುವ ಉಣ್ಣೆಯನ್ನೇ ಕೊಕ್ಕೆಗೆ ಸುತ್ತಿ 'ಕಿಲ್ಲರ್ ಬಗ್' ಮಾಡಿದರು. ಇನ್ನೊಂದು ಫ್ಲೈಗೆ ಅವರು ನೂಲಿನ ಬದಲು ತೆಳ್ಳನೆ ತಾಮ್ರದ ತಂತಿ ಬಳಸಿದರು. ಕಟ್ಟುವುದಕ್ಕೂ ಆಯಿತು, ಮುಳುಗಿಸುವ ತೂಕಕ್ಕೂ ಆಯಿತು. ನಮ್ಮ ರಾಜ್ಯದ ಲ್ಯಾಂಕಾಸ್ಟರ್‌ನ ರಸೆಲ್ ಬ್ಲೆಸಿಂಗ್ 1967ರಲ್ಲಿ ಕಟ್ಟಿದ 'ವೂಲಿ ಬಗರ್' ಇಂದು ಜಗತ್ತಿನ ಹೊಳೆಗಳಲ್ಲೆಲ್ಲ ಇದೆ. ಅದಕ್ಕೆ ಬೇಕಾದದ್ದು ಮರಬು ಪುಕ್ಕ, ಶೆನೀಲ್, ಒಂದು ಕೋಳಿಗರಿ. ಮೂರೂ ಮಕ್ಕಳ ಕ್ರಾಫ್ಟ್ ಸಾಲಿನಲ್ಲಿ ಸಿಗುತ್ತವೆ.

ಏನು ಕೊಳ್ಳಬೇಕು

ಅಮೆರಿಕದಲ್ಲಿ ಮೈಕಲ್ಸ್, ಬ್ರಿಟನ್ನಿನಲ್ಲಿ ಹಾಬಿಕ್ರಾಫ್ಟ್, ಆಸ್ಟ್ರೇಲಿಯಾದಲ್ಲಿ ಸ್ಪಾಟ್‌ಲೈಟ್, ಯಾವುದಾದರೂ ಆದೀತು. ಒಂದು ಪೊಟ್ಟಣ ಮರಬು ಪುಕ್ಕ (ಹೆಸರು ಕೊಕ್ಕರೆಯದು, ಈಗ ಸಿಗುವುದು ಟರ್ಕಿ ಕೋಳಿಯದು), ತೆಳ್ಳನೆ ಶೆನೀಲ್ ನೂಲು, 2 ಮಿಲಿಮೀಟರ್ ಫೋಮ್ ಹಾಳೆ, ಗಾಜಿನ ಮಣಿ, ಒಂದು ಉಂಡೆ ಅಕ್ರಿಲಿಕ್ ನೂಲು. ಅಂಟಿಗೆ ಮನೆಯಲ್ಲಿರುವ ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು.

ಎರಡು ವಸ್ತುಗಳಲ್ಲಿ ಮಾತ್ರ ಜಿಪುಣತನ ಬೇಡ. ಕೊಕ್ಕೆ ಮತ್ತು ಕಟ್ಟುವ ನೂಲನ್ನು ಮೀನುಗಾಳದ ಅಂಗಡಿಯಿಂದಲೇ ತನ್ನಿ. ಹೊಲಿಗೆಯ ನೂಲು ದಪ್ಪವಾಗಿ ತಲೆ ಗಡ್ಡೆಕಟ್ಟುತ್ತದೆ. ಕ್ರಾಫ್ಟ್ ಅಂಗಡಿಯ ಕೋಳಿಗರಿಗೂ ಒಂದು ಮಿತಿಯಿದೆ. ಅದು ನೀರು ಕುಡಿಯುತ್ತದೆ, ಹಾಗಾಗಿ ಮುಳುಗುವ ಹುಳುವಿಗೆ ಸರಿ, ತೇಲುವ ಹುಳುವಿಗೆ ಆಗದು.

ಕಟ್ಟುವ ಮೊದಲು ಒಂದು ಲೋಟ ನೀರಿಡಿ. ಪ್ರತಿಯೊಂದರ ಚೂರು ಹಾಕುವ ಮುನ್ನ ಮಗು ಹೇಳಬೇಕು: ತೇಲುತ್ತಾ, ಮುಳುಗುತ್ತಾ, ಯಾಕೆ? ಫೋಮ್ ತೇಲುತ್ತದೆ, ಅದರೊಳಗಿನ ಗಾಳಿಗುಳ್ಳೆಗಳ ಬಾಯಿ ಮುಚ್ಚಿದೆ. ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರ, ತಕ್ಷಣ ತಳ ಸೇರುತ್ತದೆ. ಅಕ್ರಿಲಿಕ್ ಮೊದಲು ತೇಲಿದಂತೆ ಮಾಡಿ, ಎಳೆಗಳ ನಡುವಿನ ಗಾಳಿ ಹೋದ ಮೇಲೆ ನಿಧಾನ ಮುಳುಗುತ್ತದೆ. ಮರಬು ಒಣಗಿದ್ದಾಗ ಹತ್ತಿಯಂತೆ ಉಬ್ಬಿರುತ್ತದೆ, ನೆಂದಾಗ ಒಂದು ಎಳೆಯಂತೆ ಕುಗ್ಗಿ, ಲೋಟ ಅಲುಗಿಸಿದರೆ ಉಸಿರಾಡಿದ ಹಾಗೆ ಆಡುತ್ತದೆ. ಮೀನು ಮೋಸಹೋಗುವುದು ಆ ಆಟಕ್ಕೆ.

ಕಟ್ಟುವ ಬಗೆ

8ನೇ ನಂಬರಿನ ಉದ್ದನೆಯ ಕೊಕ್ಕೆ ತೆಗೆದುಕೊಳ್ಳಿ. ನಂಬರು ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು ಎಂಬುದು ನೆನಪಿರಲಿ. ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿ ವೈಸ್‌ಗೆ ಸಿಕ್ಕಿಸಿ. ಈ ಕೆಲಸ ದೊಡ್ಡವರದು. ಮಕ್ಕಳ ಕಣ್ಣಿಗೆ ಕನ್ನಡಕ ಇರಲಿ.

ಕೊಕ್ಕೆಯ ಕಣ್ಣಿನ ಹಿಂದಿನಿಂದ ನೂಲು ಸುತ್ತುತ್ತಾ ಬಾಗಿನವರೆಗೆ ಹೋಗಿ. ಅಲ್ಲಿ ಒಂದು ಚಿಟಿಕೆ ಮರಬು ಇಟ್ಟು ಬಿಗಿಯಿರಿ. ಬಾಲ ಕೊಕ್ಕೆಯಷ್ಟೇ ಉದ್ದವಿರಲಿ. ಶೆನೀಲ್ ತುದಿಯ ತುಪ್ಪಳವನ್ನು ಉಗುರಿನಿಂದ ಕಿತ್ತು, ಒಳಗಿನ ಹುರಿಯನ್ನು ಅದೇ ಜಾಗದಲ್ಲಿ ಕಟ್ಟಿ. ನೂಲನ್ನು ಕಣ್ಣಿನ ಹತ್ತಿರಕ್ಕೆ ತನ್ನಿ. ಆಮೇಲೆ ಶೆನೀಲನ್ನು ಒತ್ತೊತ್ತಾಗಿ ಮುಂದಕ್ಕೆ ಸುತ್ತಿ, ಕಣ್ಣಿಗೆ ಎರಡು ಮಿಲಿಮೀಟರ್ ಇರುವಾಗ ನೂಲಿನಿಂದ ಬಿಗಿದು ಕತ್ತರಿಸಿ. ನಾಲ್ಕೈದು ಗಂಟು, ಒಂದು ಹನಿ ನೇಲ್ ಪಾಲಿಶ್. ಇದು ವೂಲಿ ಬಗರ್‌ನ ಬಡ ತಮ್ಮ. ಕೋಳಿಗರಿ ಸುತ್ತುವುದನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಇಷ್ಟರಲ್ಲಿ ಎಷ್ಟು ಕನ್ನಡ ಬಂತು ನೋಡಿ: ಎಳೆ, ಹುರಿ, ಸಿಕ್ಕು, ಗಂಟು, ಬಿಗಿ, ಸಡಿಲ, ನವಿರು, ತುಪ್ಪಳ, ಬಾಗು, ಒತ್ತೊತ್ತಾಗಿ. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ವಾರದಲ್ಲಿ ಮರೆತುಹೋಗುತ್ತವೆ. 'ಸಡಿಲ ಆಯ್ತು, ಬಾಲ ಬಿದ್ದೋಯ್ತು' ಎಂದು ತಾನೇ ಹೇಳಿದ ಮಗುವಿಗೆ ಆ ಪದ ಮರೆಯುವುದಿಲ್ಲ.

ಅಜ್ಜಿಯ ಪ್ರಶ್ನೆ

ಮೈಸೂರಿನ ನನ್ನ ಅಮ್ಮ ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿ, "ಇದೇನೇ ಪುಟ್ಟಿ, ಹೂ ಕಟ್ಟೋ ಹಾಗೇ ಇದೆಯಲ್ಲೇ" ಎಂದರು. ನಿಜ, ಬೆರಳಿಗೆ ನೂಲು ತಿರುಚಿ ಕುಣಿಕೆ ಹಾಕಿ ಎಳೆಯುವ ಗಂಟು ಎರಡಕ್ಕೂ ಹತ್ತಿರದ್ದು. ಅವರು ಮಲ್ಲಿಗೆ ಹಿಡಿದು ತೋರಿಸಿದರು, ಇವಳು ಮರಬು ಹಿಡಿದು ತೋರಿಸಿದಳು. ಆಮೇಲೆ ಅಮ್ಮ ಕೇಳಿದರು: "ಅದ್ಸರಿ, ಆ ಮೀನಿಗೆ ನೋವಾಗಲ್ವಾ?"

"ವಾಪಸ್ ಬಿಟ್ಬಿಡ್ತೀವಿ ಅಜ್ಜಿ."

"ಬಿಡೋದು ಸರಿ ಕಣೇ. ಚುಚ್ಚೋದು?"

ಮಗಳು ಸುಮ್ಮನಾದಳು. ಇಂಗ್ಲಿಷಿನಲ್ಲಾಗಿದ್ದರೆ ಏನೋ ಹೇಳಿಬಿಡುತ್ತಿದ್ದಳು. ಅಜ್ಜಿಗೆ ಅದು ಅರ್ಥವಾಗುವುದಿಲ್ಲ. ಅಜ್ಜಿಗೆ ಉತ್ತರ ಕೊಡಲೇಬೇಕು ಎಂದು ಮೂರು ದಿನ ನಮ್ಮ ಊಟದ ಮೇಜಿನಲ್ಲಿ ಇದೇ ಮಾತು, ಕನ್ನಡದಲ್ಲೇ. ನನ್ನ ಗಂಡ ಕುಂದಾಪುರದವರು, ಮೀನು ತಿಂದು ಬೆಳೆದವರು. "ತಿನ್ನೋಕೆ ಹಿಡಿದ್ರೆ ಅರ್ಥ ಇದೆ, ಆಟಕ್ಕೆ ಹಿಡಿಯೋದ್ಯಾಕೆ?" ಎಂಬುದು ಅವರ ವಾದ. ನಾನು ವಿಜ್ಞಾನದ ಮಾತು ಹೇಳಿದೆ: ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗುರುತಿಸುವ ನರಗಳಿವೆ ಎಂದು 2003ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ತೋರಿಸಿದರು, ಅದನ್ನು ನಮ್ಮ ನೋವಿನಂತೆಯೇ ಎನ್ನಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕೊನೆಗೆ ಮಗಳು ತಾನೇ ಅಜ್ಜಿಗೆ ಫೋನು ಮಾಡಿದಳು. "ನೋವಾಗಬಹುದು ಅಜ್ಜಿ. ಅದಕ್ಕೆ ನಾನು ಮೊನೆ ಕತ್ತರಿಸಿಬಿಡ್ತೀನಿ. ಮೀನು ಬಂದು ಕಚ್ಚುತ್ತೆ, ಆಮೇಲೆ ಉಗಿದು ಹೋಗುತ್ತೆ. ನೋಡಿದ್ರೆ ಸಾಕು ನಂಗೆ." ಹೀಗೆ ಮೊನೆಯಿಲ್ಲದ ಗಾಳ ಹಾಕುವ ದೊಡ್ಡವರೂ ಇದ್ದಾರೆ. ನಿಮ್ಮ ಮನೆಯ ತೀರ್ಮಾನ ಬೇರೆಯಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮಗು ಅಜ್ಜಿ ತಾತಂದಿರ ಭಾಷೆಯಲ್ಲಿ ಸಮರ್ಥಿಸಿಕೊಳ್ಳಲಿ.

ನೀರಿಗೆ ಹೋಗುವ ಮುನ್ನ

ಪೆನ್ಸಿಲ್ವೇನಿಯಾದಲ್ಲಿ 16 ವರ್ಷದೊಳಗಿನವರಿಗೆ ಲೈಸೆನ್ಸ್ ಬೇಡ. ಇಂಗ್ಲೆಂಡಿನಲ್ಲಿ 13ರೊಳಗಿನವರಿಗೆ ಬೇಡ. ಜರ್ಮನಿಯಲ್ಲಿ ಸಾಮಾನ್ಯವಾಗಿ ಪರೀಕ್ಷೆ ಪಾಸು ಮಾಡಬೇಕು, ಹಿಡಿದು ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದು ಅಲ್ಲಿ ಕಾನೂನಿನ ತೊಡಕಿಗೂ ದಾರಿ. ನಿಮ್ಮ ಊರಿನ ನಿಯಮ ನೋಡಿಕೊಳ್ಳಿ. ಅಮೆರಿಕದಲ್ಲಿ ಪಾರ್ಕಿನಲ್ಲಿ ಬಿದ್ದ ನೀಲಿ ಜೇ ಹಕ್ಕಿಯ ಗರಿಯನ್ನು ಮಗು ಆರಿಸಿ ತಂದರೆ ಅದನ್ನು ಅಲ್ಲೇ ಬಿಡಿಸಿ. 1918ರ ವಲಸೆ ಹಕ್ಕಿ ಕಾಯ್ದೆ ಬಿದ್ದ ಗರಿಗೂ ಅನ್ವಯಿಸುತ್ತದೆ. ಊರಿನಿಂದ ನವಿಲುಗರಿಯನ್ನೂ ಸೂಟ್‌ಕೇಸಿನಲ್ಲಿ ತರಬೇಡಿ, ಭಾರತದಿಂದ ಅದರ ರಫ್ತಿಗೆ ನಿಷೇಧವಿದೆ.

ಹೊಳೆಯೇ ಹತ್ತಿರವಿಲ್ಲದ ದುಬೈ, ಸಿಂಗಪುರದ ಮನೆಗಳಲ್ಲೂ ಇದು ನಡೆಯುತ್ತದೆ. ಮೊದಲ ಹುಸಿಹುಳು ಮುಗಿದ ಮೇಲೆ ಒಂದು ಆಟ ಆಡಿಸಿ. ಕ್ಯಾಮೆರಾ ಮುಚ್ಚಿ, ಊರಿನಲ್ಲಿರುವ ಅಜ್ಜಿಗೋ ಅತ್ತೆಗೋ ಬರೀ ಮಾತಿನಲ್ಲಿ ಹೇಳಿ ಒಂದು ಕಟ್ಟಿಸಲಿ. ಅವರ ಕೈಯಲ್ಲಿ ಕೊಕ್ಕೆಯ ಬದಲು ಹೇರ್‌ಪಿನ್, ಶೆನೀಲಿನ ಬದಲು ಉಣ್ಣೆ ಇದ್ದರೂ ಆದೀತು. ಅಲ್ಲಿ ಬಾಲ ನೆಟ್ಟಗೆ ನಿಂತರೆ ಮಗುವಿನ ಕನ್ನಡ ಕೆಲಸ ಮಾಡಿದೆ ಎಂದರ್ಥ.