ಅಂಗಳಕ್ಕೆ ಹೊಸ ಮೈ

ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು ವೇಮಗಲ್. ಅಲ್ಲಿಯ ನಮ್ಮ ಹಳೆಯ ಮನೆಯ ಅಂಗಳಕ್ಕೆ ತಂದೆಯವರು ಸಿಮೆಂಟು ಹಾಕಿಸಿದ್ದು 1974ರಲ್ಲಿ. ಅದಕ್ಕೆ ಮೊದಲು ಅದು ಸಗಣಿ ಸಾರಿಸಿದ ಮಣ್ಣಿನ ನೆಲ. ಜಗಲಿಯ ಅಂಚಿಗೆ ಮಾತ್ರ ಕಲ್ಲು ಚಪ್ಪಡಿ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಬರವಿರುವುದು ನೀರಿಗೆ. ಆದರೂ ಆ ಕಾಲಕ್ಕೆ ಸಿಮೆಂಟಿನ ಅಂಗಳವೆಂದರೆ ಒಂದು ಮರ್ಯಾದೆ. ಬೀದಿಯವರೆಲ್ಲ ಬಂದು ನೋಡಿ ಹೋದರು. ತಾಯಿಯವರಿಗೆ ಮಾತ್ರ ಅದರಲ್ಲಿ ಕಂಡ ಗುಣ ಒಂದೇ: ರಂಗೋಲಿಯ ಎಳೆ ಸೊಟ್ಟಾಗದೆ ನಿಲ್ಲುತ್ತದೆ!

ನಲವತ್ತು ವರ್ಷಗಳಲ್ಲಿ ಆ ಅಂಗಳವೂ ಮುದಿಯಾಯಿತು. ಮೇಲಿನ ನುಣುಪು ಹೋಗಿ ಮರಳು ಎದ್ದಿತು. ಮರಳು ಹೋಗಿ ಜಲ್ಲಿ ಹಲ್ಲು ತೋರಿಸಿತು. ಗುಡಿಸಿದಷ್ಟೂ ದೂಳು. ರಂಗೋಲಿಯ ಪುಡಿ ಕುಳಿಗಳಲ್ಲಿ ಇಳಿದುಹೋಗುತ್ತಿತ್ತು. “ನಾನು ಬರೆಯುವುದು ಒಂದು, ನೆಲ ತೋರಿಸುವುದು ಇನ್ನೊಂದು” ಎಂದು ತಾಯಿಯವರು ಬೇಸರಪಟ್ಟುಕೊಂಡರು.

2016ರ ಯುಗಾದಿಗೆ ಎಂಟು ದಿನ ಉಳಿದಿರುವಾಗ ನನಗೆ ಉತ್ಸಾಹ ಬಂದಿತು. ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ನೆಲವನ್ನು ಗುಡಿಸಿ, ನೀರು ಚಿಮುಕಿಸಿ, ಅರ್ಧ ಅಂಗುಲದಷ್ಟು ಗಾರೆ ಹರಡಿ, ಅದರ ಮೇಲೆ ಒಣ ಸಿಮೆಂಟು ಉದುರಿಸಿ ಕನ್ನಡಿಯಂತೆ ಉಜ್ಜಿದರು. ಒಂದೇ ಹಗಲಿನಲ್ಲಿ ಕೆಲಸ ಮುಗಿಯಿತು. ಸಾವಿರ ಅಡಿ ಕೊರೆದರೂ ನೀರಿನ ಭರವಸೆಯಿಲ್ಲದ ಊರಿನಲ್ಲಿ ಟ್ಯಾಂಕರಿನ ನೀರನ್ನು ನೆಲಕ್ಕೆ ಸುರಿಯುವುದೇ ಎಂದು ಎರಡನೆಯ ದಿನವೇ ನೀರುಣಿಸುವುದನ್ನು ನಿಲ್ಲಿಸಿದವನು ನಾನು. ಆದ್ದರಿಂದ ಮುಂದೆ ನಡೆದುದರಲ್ಲಿ ಅರ್ಧಕ್ಕಿಂತ ಹೆಚ್ಚಿನ ತಪ್ಪು ನನ್ನದೇ.

ಹಬ್ಬದ ದಿನ ಅಂಗಳ ಮದುವಣಗಿತ್ತಿಯಂತಿತ್ತು. ಮಳೆಗಾಲಕ್ಕೆ ಕೂದಲೆಳೆಯ ಬಿರುಕುಗಳು ಕಂಡವು. ದೀಪಾವಳಿಯ ಹೊತ್ತಿಗೆ ಕಾಲಿಟ್ಟಲ್ಲೆಲ್ಲ ಟೊಳ್ಳು ಸದ್ದು. ಧನುರ್ಮಾಸದ ಒಂದು ನಸುಕಿನಲ್ಲಿ, ಮಂಜು ಇನ್ನೂ ಹರಿಯದಿರುವಾಗ, ತಾಯಿಯವರು ಬಕೆಟ್ಟು ಹಿಡಿದು ಅಂಗಳಕ್ಕೆ ಇಳಿದರು. ಎದ್ದುನಿಂತಿದ್ದ ಹಕ್ಕಳೆಯ ಅಂಚು ಕಾಲ್ಬೆರಳಿಗೆ ತಗುಲಿತು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟು. ಪಟ್ಟು ಬಿಚ್ಚಿದ ಮೇಲೂ ಅವರು ಅಂಗಳಕ್ಕೆ ಇಳಿಯಲಿಲ್ಲ. ಜಗಲಿಯ ಮೇಲೆ ಕುಳಿತು ಸೊಸೆ ರಂಗೋಲಿ ಇಡುವುದನ್ನು ನೋಡುತ್ತಿದ್ದರು. ನನ್ನನ್ನು ಒಂದು ಮಾತೂ ಆಕ್ಷೇಪಿಸಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಆ ಚಳಿಗಾಲದಲ್ಲಿಯೇ ಕೆನಡಾದ ಟೊರಾಂಟೋ ಸಮೀಪದಲ್ಲಿರುವ ತಂಗಿಯ ಮಗಳು ಅಜ್ಜಿಯ ಕ್ಷೇಮ ವಿಚಾರಿಸಲು ದೂರವಾಣಿ ಮಾಡಿದಳು. ಬಿದ್ದ ಕಥೆಯನ್ನು ಕೇಳಿ, “ಮಾವ, ನಮ್ಮ ಮನೆಯ ಮುಂದೆ ಕಾರು ಬರುವ ಹಾದಿಯೂ, ಹಿತ್ತಲಿನ ಕಾಂಕ್ರೀಟು ಹಾಸೂ ಹೀಗೆಯೇ ಸಿಪ್ಪೆ ಬಿಡುತ್ತಿವೆ. ಎರಡು ವರ್ಷದ ಹಿಂದೆ ಮೇಲೊಂದು ತೆಳು ಲೇಪ ಹಾಕಿಸಿದೆವು; ಎರಡು ಚಳಿಗಾಲಕ್ಕೆ ಎದ್ದುಹೋಯಿತು” ಎಂದಳು. ಅವಳದು ಹಿಮ ಬೀಳುವ ನಾಡು. ನಮ್ಮದು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದ ಪ್ರಸ್ಥಭೂಮಿ. ಮಾಗಿಯ ಬೆಳಗಿನಲ್ಲಿ ಸೀತಿಬೆಟ್ಟ ಮಂಜಿನಲ್ಲಿ ಮರೆಯಾಗುವುದುಂಟಾದರೂ ಇಲ್ಲಿ ನೀರು ಹೆಪ್ಪುಗಟ್ಟುವುದು ರೆಫ್ರಿಜಿರೇಟರಿನೊಳಗೆ ಮಾತ್ರ. ಹಾಗಾದರೆ ಎರಡು ಅಂಗಳಗಳಿಗೂ ಒಂದೇ ರೋಗ ಹೇಗೆ ಬಂದಿತು? ಬಲ್ಲ ಇಂಜಿನಿಯರುಗಳನ್ನು ಕೇಳಿ, ನನ್ನ ಕೈಸುಟ್ಟ ಅನುಭವದೊಡನೆ ಹೋಲಿಸಿ ನೋಡಿದಾಗ ತಿಳಿದದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಹಿಮನಾಡಿನ ರೋಗ. ಕಾಂಕ್ರೀಟು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಮೈತುಂಬ ಸೂಕ್ಷ್ಮ ರಂಧ್ರಗಳಿವೆ. ಅವು ನೀರನ್ನು ಕುಡಿಯುತ್ತವೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಕಾಂಕ್ರೀಟನ್ನೇ ಒಳಗಿನಿಂದ ಒಡೆಯುತ್ತದೆ. ಒಂದೇ ಸಮನೆ ಹೆಪ್ಪುಗಟ್ಟಿದ ಚಳಿಗಿಂತಲೂ, ಹಗಲು ಕರಗಿ ಇರುಳು ಹೆಪ್ಪುಗಟ್ಟುವ ದಿನಗಳೇ ಹೆಚ್ಚು ಕೆಡುಕು. ಹಿಮ ಕರಗಿಸಲೆಂದು ಎರಚುವ ಉಪ್ಪು ಇನ್ನೊಂದು ಶತ್ರು; ಅದು ಹಿಮವನ್ನು ನೀರಾಗಿಸಿ ಆ ನೀರನ್ನೇ ಕಾಂಕ್ರೀಟಿಗೆ ಕುಡಿಸುತ್ತದೆ. ಅದಕ್ಕೆ ಪರಿಹಾರ 1930ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ದೊರಕಿತು. ಕೆಲವು ಭಾಗಗಳು ಮಾತ್ರ ಹಿಮಕ್ಕೆ ಜಗ್ಗದೆ ಉಳಿದಿದ್ದವು. ಕಾರಣ ಹುಡುಕಿದಾಗ, ಸಿಮೆಂಟನ್ನು ಅರೆಯುವಾಗ ಬೆರೆತಿದ್ದ ಕೊಬ್ಬಿನಂಥ ಪದಾರ್ಥದಿಂದ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಉಳಿದಿದ್ದುದು ತಿಳಿಯಿತು. ಮಂಜುಗಡ್ಡೆಯ ಒತ್ತಡಕ್ಕೆ ಆ ಗುಳ್ಳೆಗಳು ತೆರಪು ಕೊಡುತ್ತವೆ. ಅಂದಿನಿಂದ ಶೀತದೇಶಗಳ ಬಯಲಿನ ಕಾಂಕ್ರೀಟಿಗೆ ಸಾಮಾನ್ಯವಾಗಿ ಶೇಕಡ 5ರಿಂದ 8ರಷ್ಟು ಗಾಳಿಯನ್ನು ಬೇಕೆಂದೇ ಸೇರಿಸುತ್ತಾರೆ.

ನಮ್ಮ ಅಂಗಳದ ರೋಗ ಬೇರೆ. ಕಲಸುವಾಗ ನೀರು ಹೆಚ್ಚಾದರೆ ಸಿಮೆಂಟಿನ ನವುರು ಪುಡಿ ಹಾಲಿನ ಕೆನೆಯಂತೆ ಮೇಲಕ್ಕೆ ತೇಲುತ್ತದೆ. ಒಣಗಿದ ಆ ಕೆನೆಗೆ ಶಕ್ತಿಯಿಲ್ಲ. ಮೇಲೆ ಒಣ ಸಿಮೆಂಟು ಉದುರಿಸಿ ಉಜ್ಜಿದರೆ ಅದೂ ತೆಳುವಾದ ಬೇರೆ ಚರ್ಮವೇ ಆಗುತ್ತದೆ. ಸಾಕಷ್ಟು ದಿನ ನೀರುಣಿಸದಿದ್ದರೆ ಬಲಿಯುವ ಮೊದಲೇ ಒಣಗಿ ದೂಳಾಗುತ್ತದೆ. ಆದರೆ ರೋಗ ಬೇರೆಯಾದರೂ, ದುರಸ್ತಿ ಕೆಟ್ಟ ಕಾರಣ ಎರಡು ಕಡೆಯೂ ಒಂದೇ: ಹೊಸ ಪದರ ಹಳೆಯ ಕಾಂಕ್ರೀಟನ್ನು ಹಿಡಿದಿರಲಿಲ್ಲ, ಅದರ ಮೇಲಿದ್ದ ದೂಳನ್ನೂ ಸತ್ತ ಕೆನೆಯನ್ನೂ ಹಿಡಿದಿತ್ತು. ದೂಳು ಬಿಟ್ಟಿತು, ಪದರ ಎದ್ದಿತು.

ಆದುದರಿಂದ ಅಂಗಳಕ್ಕೆ ಹೊಸ ಮೈ ಕೊಡುವವರು ಮೊದಲು ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಅಡಿಗೊಂದು ಪೆಟ್ಟಿನಂತೆ ನೆಲವನ್ನು ತಟ್ಟುತ್ತ ಬರತಕ್ಕದ್ದು. ಠಣ್ಣೆಂದರೆ ಗಟ್ಟಿ, ಮಡಕೆಯಂತೆ ಬೊದಬೊದವೆಂದರೆ ಟೊಳ್ಳು. ಟೊಳ್ಳನ್ನೆಲ್ಲ ಕಿತ್ತು ತೆಗೆಯಬೇಕು. ನೆಲವೇ ಕುಸಿದು ಹಾಸು ಅಲುಗಾಡುತ್ತಿದ್ದರೆ ಮೇಲುಲೇಪದಿಂದ ಫಲವಿಲ್ಲ. ಅಗೆದು ಹೊಸದಾಗಿಯೇ ಹಾಕಿಸಬೇಕು. ಹಾಸುಗಳ ನಡುವಿನ ಸಂದುಗಳನ್ನು ಮುಚ್ಚಬಾರದು. ಬಿಸಿಲಿಗೂ ಚಳಿಗೂ ಹಾಸು ಹಿಗ್ಗಿ ಕುಗ್ಗುವುದರಿಂದ, ಕೆಳಗಿನ ಸಂದು ಇರುವಲ್ಲಿಯೇ ಹೊಸ ಪದರದಲ್ಲಿಯೂ ಸಂದು ಬಿಡಬೇಕು.

ಆಮೇಲೆ ಎಣ್ಣೆಯ ಕಲೆ, ಪಾಚಿ, ದೂಳುಗಳನ್ನು ತೊಳೆದು, ಉಳಿಯಿಂದಲೋ ಉಜ್ಜುವ ಯಂತ್ರದಿಂದಲೋ ಹಳೆಯ ಕೆನೆಯನ್ನು ಕೆರೆದು ಜಲ್ಲಿಯ ಮೈ ಕಾಣುವಂತೆ ಮಾಡಬೇಕು. ಅತ್ಯಂತ ಬೇಸರದ ಕೆಲಸವಿದು. ಆದರೆ ಲೇಪದ ಆಯುಸ್ಸೆಲ್ಲ ಇಲ್ಲಿದೆ. ಹಿಂದಿನ ರಾತ್ರಿ ನೆಲವನ್ನು ಚೆನ್ನಾಗಿ ನೆನೆಸಿ, ಬೆಳಿಗ್ಗೆ ನಿಂತ ನೀರನ್ನು ಒರಸಿಬಿಡಬೇಕು. ನೆಲ ತಣ್ಣಗಿರಬೇಕು, ಹೊಳೆಯಬಾರದು. ಒಣ ನೆಲ ಗಾರೆಯ ನೀರನ್ನು ಹೀರಿಬಿಡುತ್ತದೆ. ನೀರು ನಿಂತ ನೆಲಕ್ಕೆ ಗಾರೆ ಅಂಟುವುದಿಲ್ಲ. ಅನಂತರ ಪಾಲಿಮರ್ ದ್ರವ ಬೆರೆಸಿದ ಸಿಮೆಂಟು ಹಾಲನ್ನು ಕುಂಚದಿಂದ ತಿಕ್ಕಿ ಬಳಿದು, ಅದು ಒಣಗುವ ಮೊದಲೇ ಮೇಲಿನ ಗಾರೆಯನ್ನು ಹಾಕಬೇಕು. ಸಾಮಾನ್ಯ ಗಾರೆಯನ್ನು ಅರ್ಧ ಅಂಗುಲಕ್ಕೆ ಹರಡಿ ಬಾಳಿಕೆ ನಿರೀಕ್ಷಿಸಬಾರದು. ಒಂದು ಅಂಗುಲಕ್ಕೆ ಕಡಿಮೆಯಿಲ್ಲದಿರುವುದು ಲೇಸು. ಅಷ್ಟು ಎತ್ತರಕ್ಕೆ ಅವಕಾಶವಿಲ್ಲದವರು ತೆಳುಲೇಪಕ್ಕೆಂದೇ ತಯಾರಾದ ಪಾಲಿಮರ್ ಗಾರೆಯನ್ನು ಚೀಲದ ಮೇಲಿನ ಸೂಚನೆಯಂತೆ ಬಳಸಬೇಕು.

ನೀರು ಹರಿದುಹೋಗಲು ಹತ್ತು ಅಡಿಗೆ ಎರಡು ಅಂಗುಲದಷ್ಟು ಇಳಿಜಾರಿರಲಿ. ಕನ್ನಡಿಯಂತೆ ಉಜ್ಜಿಸಬೇಡಿ, ವಯಸ್ಸಾದವರ ಪಾದಕ್ಕೆ ಅದು ವೈರಿ. ಹಸಿಯಿರುವಾಗಲೇ ಇಳಿಜಾರಿಗೆ ಅಡ್ಡವಾಗಿ ಪೊರಕೆಯೊಂದನ್ನು ಹಗುರವಾಗಿ ಎಳೆದರೆ ಸಾಕು.

ಇನ್ನು ನೀರುಣಿಸುವ ಮಾತು. ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಹಿತೆ (2000) ಕಾಂಕ್ರೀಟನ್ನು ಕಡೆಯಪಕ್ಷ 7 ದಿನ ತೇವವಾಗಿಡಬೇಕೆಂದೂ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಅಥವಾ ಒಣ ಬಿಸಿಲಾದರೆ 10 ದಿನಕ್ಕೆ ಕಡಿಮೆಯಿರಬಾರದೆಂದೂ ಹೇಳುತ್ತದೆ. ಇದಕ್ಕೆ ಟ್ಯಾಂಕರುಗಟ್ಟಲೆ ನೀರು ಬೇಕಿಲ್ಲ. ಒದ್ದೆ ಗೋಣಿಚೀಲ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟರೆ ದಿನಕ್ಕೆ ನಾಲ್ಕಾರು ಕೊಡದಲ್ಲಿ ನಮ್ಮ ಅಂಗಳ ತೃಪ್ತಿಗೊಂಡಿತು. ಪಾಲಿಮರ್ ಗಾರೆಗಳಿಗೆ ಇಷ್ಟು ದಿನ ಬೇಡದಿರಬಹುದು. ಅವುಗಳ ಸೂಚನೆಯೇ ಪ್ರಮಾಣ.

ಹಿಮನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಇನ್ನು ಮೂರು ಮಾತು ಹೆಚ್ಚು. ಹೆಪ್ಪು ಮತ್ತು ಕರಗುವಿಕೆಗಳನ್ನು ತಾಳಬಲ್ಲದೆಂದು ಚೀಲದ ಮೇಲೆ ಸ್ಪಷ್ಟವಾಗಿ ಬರೆದಿರುವ ಗಾರೆಯನ್ನೇ ಕೊಳ್ಳುವುದು. ಹವೆ 10 ಡಿಗ್ರಿ ಸೆಲ್ಷಿಯಸ್ಸಿಗಿಂತ ಬೆಚ್ಚಗಿದ್ದು, ರಾತ್ರಿಯ ಹೆಪ್ಪಿನ ಭಯ ಪೂರ್ತಿ ಕಳೆದಿರುವ ಬೇಸಗೆಯಲ್ಲಿಯೇ ಕೆಲಸ ಮಾಡಿಸುವುದು. ಮೊದಲ ಚಳಿಗಾಲದಲ್ಲಿ ಉಪ್ಪು ಎರಚದೆ, ಜಾರದಿರಲು ಮರಳನ್ನೇ ಚೆಲ್ಲುವುದು. ನನ್ನ ಸೊಸೆಯಂಥ ಹುಡುಗಿ ಇದನ್ನೆಲ್ಲ ಬರೆದುಕೊಂಡು, ಮರುವರ್ಷದ ಜೂನ್ ತಿಂಗಳಿನಲ್ಲಿ ಹಾಗೆಯೇ ಮಾಡಿಸಿದಳು.

ನಮ್ಮ ಅಂಗಳದ ಎರಡನೆಯ ದುರಸ್ತಿ ನಡೆದದ್ದು 2017ರ ಕಾರ್ತಿಕದಲ್ಲಿ. ಮೇಸ್ತ್ರಿ ಹಿಂದಿನವರೇ. ಈ ಬಾರಿ ಕೆರೆಯುವುದಕ್ಕೇ ಮೂರು ದಿನ ಹಿಡಿಯಿತು, ಗಾರೆ ಹಾಕುವುದಕ್ಕೆ ಒಂದು ದಿನ. “ಹೀಗೆ ಸಮಯ ಕೊಟ್ಟರೆ ನಮಗೂ ಒಳ್ಳೆಯ ಕೆಲಸ ಬರುತ್ತದೆ ಸ್ವಾಮಿ” ಎಂದರು ಅವರು. ಹಬ್ಬಕ್ಕೆಂದು ಅವಸರಪಡಿಸಿದ್ದ ನಾನು ತಲೆ ತಗ್ಗಿಸಿದೆ. ಹತ್ತು ದಿನ ಕಳೆದು ಗೋಣಿಗಳನ್ನು ತೆಗೆದ ಮರುದಿನ ಬೆಳಿಗ್ಗೆ ತಾಯಿಯವರು ಜಗಲಿಯಿಂದ ಕಾಲು ಇಳಿಬಿಟ್ಟು, ಅಂಗಾಲಿನಿಂದ ನೆಲವನ್ನು ಒತ್ತಿ ನೋಡಿದರು. ಆಮೇಲೆ ಇಳಿದು ನಿಂತು, ರಂಗೋಲಿಯ ಬಟ್ಟಲನ್ನು ಕೇಳಿದರು. ಮಣಿಕಟ್ಟು ಮೊದಲಿನಂತೆ ತಿರುಗದು. ಆದುದರಿಂದ ಐದು ಚುಕ್ಕಿಯ ಸಣ್ಣ ರಂಗೋಲಿ ಸಾಕೆಂದರು.

ಆ ಮೇಲುಮೈ ಇಂದಿಗೂ ಗಟ್ಟಿಯಾಗಿದೆ. ನಿಮ್ಮ ಮನೆಯಲ್ಲಿ ನಸುಕಿಗೇ ಎದ್ದು ಅಂಗಳಕ್ಕೆ ಇಳಿಯುವ ಹಿರಿಯರಿದ್ದರೆ, ಮಾಗಿಯ ಚಳಿ ಬರುವ ಮೊದಲು ಸುತ್ತಿಗೆ ಹಿಡಿದು ನೆಲವನ್ನೊಮ್ಮೆ ತಟ್ಟಿ ನೋಡಿ.